ಹೊಸ ಸ್ವಿಚ್ಚು, ಹಳೆಯ ಕಳ್ಳಕಾಯಿ

ನನ್ನ ಮೊಮ್ಮಗಳ ಬುದ್ಧಿಯನ್ನು ನಾಲ್ಕು ಜನಕ್ಕೆ ಹೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ಮೊದಲು ನನ್ನೊಳಗಿನ ಒಂದು ಭಯ ಹೇಳಬೇಕು.

ನಮ್ಮ ಕಡೆ ಕೊಬ್ಬರಿಗೆಂದು ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ವರ್ಷದ ಹತ್ತಿರ ಅಟ್ಟದ ಮೇಲೆ ಬಿಡುತ್ತೇವೆ. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಅನ್ನದಿದ್ದರೆ ಮತ್ತೆ ಅಟ್ಟಕ್ಕೆ. ಹೊನ್ನವಳ್ಳಿಗೆ ಸೊಸೆಯಾಗಿ ಬಂದಾಗಿನಿಂದ ಈ ಮನೆಯ ಕಾಯಿ ನೋಡುವ ಕಿವಿ ನನ್ನದೇ. ಅತ್ತೆ ಕಲಿಸಿದ ಕ್ರಮ ಒಂದಿದೆ. ನಾವು ಕಣ್ಣು ಮುಚ್ಚಿ ಕೂರಬೇಕು, ಇನ್ನೊಬ್ಬರು ಒಣಕಾಯಿ ಅಲ್ಲಾಡಿಸುತ್ತಾ ನಡುವೆ ಹೇಳದೆ ಒಂದು ಹಸಿಕಾಯಿ ಸೇರಿಸಬೇಕು. ಅದು ಕಳ್ಳಕಾಯಿ. ಅದನ್ನು ಹಿಡಿಯದ ಕಿವಿಗೆ ಅಟ್ಟದಲ್ಲಿ ಕೆಲಸವಿಲ್ಲ.

ಈ ಸಲ ನಾನು ಸದ್ದಿಲ್ಲವೆಂದು ವಾಪಸು ಕಳಿಸಿದ್ದರಲ್ಲಿ ಐದಾರನ್ನು ಕಾಯಿ ಸುಲಿಯುವ ಆಳು ಒಡೆದ. ಎಲ್ಲವೂ ಒಣಗಿ ಉಂಡೆಕೊಬ್ಬರಿಯಾಗಿದ್ದವು. ಅವನು ನನ್ನ ಮುಖ ನೋಡಿ ಮುಂದಿನ ಕಾಯಿಗೆ ಕೈ ಹಾಕಿದ. ಅಂದರೆ ನನ್ನ ಕಿವಿಗೇ ಕೇಳಿಸಿಲ್ಲ. ಕಿವಿ ಹೋದರೆ ಮೊಮ್ಮಗಳ ಮಾತೂ ಹೋಯಿತಲ್ಲ! ಯಾರಿಗೂ ಹೇಳಲಿಲ್ಲ.

ಭಾನುವಾರ ಮಗ ಒಂದು ಲೋಹದ ಪೆಟ್ಟಿಗೆ ತಂದ. ಹಾಡಿನ ಹುಚ್ಚು ಅವನಿಗೆ. ಸ್ವಿಚ್ಚು ಅಂತ ಅದರ ಹೆಸರು, ದೀಪದ್ದಲ್ಲ; ನೆಟ್ಟಿನಿಂದ ಬರುವ ಹಾಡು ಇದನ್ನು ಹೊಕ್ಕು ಸ್ಪೀಕರಿಗೆ ಹೋಗುತ್ತದಂತೆ. ಹಳೆಯದು ಪ್ಲಾಸ್ಟಿಕ್ಕಿನದು, ಇದು ದುಬಾರಿಯದು.

"ಅವ್ವಾ, ಊರಿಗೆಲ್ಲ ನಿಂದೇ ಕಿವಿ. ಹೊಸದ್ರಲ್ಲಿ ವೀಣೆ ಸದ್ದು ಬ್ಯಾರೆಯಾಗಿ ಕೇಳುತ್ತಾ ಹೇಳು."

ಹಳೆಯದರಲ್ಲಿ ಕೇಳಿಸಿದ, ಹೊಸದರಲ್ಲಿ ಕೇಳಿಸಿದ. ನನಗೆ ಎರಡೂ ಒಂದೇ.

"ಹೂಂ ಕಣಪ್ಪ, ಭಾಳ ಚೆನ್ನಾಗೈತೆ," ಎಂದೆ.

ಏಳನೇ ಕ್ಲಾಸಿನ ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. "ಅಪ್ಪಾ, ನೀನು ಕಣ್ಮುಚ್ಚು. ನಾನು ಬದಲಾಯಿಸ್ತೀನಿ, ಯಾವುದು ಹೊಸದು ಹೇಳು."

ವೈರು ಎಳೆದು ಚುಚ್ಚುವ ಕಟಕಟ ಸದ್ದು. ಹಾಡು. ಮತ್ತೆ ಕಟಕಟ. ಹೀಗೆ ಐದು ಸಲ.

"ಇದು ಹಳೇದು, ಮಂಕು... ಹಾಂ, ಇದು ನೋಡು ಹೊಸದು! ಏನು ಆಳ!" ಮಗ ತಲೆದೂಗಿದ.

"ಐದು ಸಲಾನೂ ಹಳೇದೇ! ತೆಗೆದು ಅಲ್ಲಿಗೇ ಚುಚ್ಚಿದೆ. ಕಳ್ಳಕಾಯಿ ಕಣಪ್ಪಾ, ಕಳ್ಳಕಾಯಿ!" ಎಂದು ಮೊಮ್ಮಗಳು ಕೂಗಿದಳು.

"ಲೇ, ಗೊತ್ತಿಲ್ದೆ ಮಾರ್ತಾರಾ ಇದನ್ನ?"

"ತಿಪಟೂರಿಂದ ಬರೋ ಕಾಗದ ಹೊಸ ಬಸ್ಸಲ್ಲಿ ಬಂದ್ರೆ ಒಳಗಿನ ಅಕ್ಷರ ದುಂಡಗಾಗ್ತವಾ? ಹರೀದೆ ಬಂದ್ರೆ ಸಾಕು. ಸ್ವಿಚ್ಚೂ ಬಸ್ಸಿನಂಗೇ."

ನಾನು ಅವಳನ್ನು ಬಾಚಿ ತಬ್ಬಿಕೊಂಡೆ. ನನ್ನ ಕಿವಿ ಸರಿಯಿದೆ! ವ್ಯತ್ಯಾಸವೇ ಇಲ್ಲದ ಕಡೆ ಕೇಳುವುದಾದರೂ ಏನನ್ನು?

ತಬ್ಬಿದ ಕೈ ಸಡಿಲುವ ಮೊದಲೇ ಇನ್ನೊಂದು ಯೋಚನೆ ಬಂತು. ಕಲ್ಲುಗಿವುಡಿಯೂ ಎರಡೂ ಒಂದೇ ಅನ್ನುತ್ತಾಳೆ.

ಮೊಮ್ಮಗಳನ್ನು ಅಟ್ಟದ ಕೆಳಗೆ ಕರೆದು ಅವಳೊಬ್ಬಳಿಗೇ ನನ್ನ ಭಯ ಹೇಳಿದೆ. ಅವಳು ಏಣಿ ಹತ್ತಿ ಐದು ಕಾಯಿ ಇಳಿಸಿದಳು. ಕಣ್ಣು ಮುಚ್ಚಿದೆ. ಮೊದಲಿನಿಂದಲೂ ಕಾಯಿ ನೋಡಲು ನನ್ನದು ಎಡಗಿವಿ. ಅವಳು ಒಂದೊಂದಾಗಿ ಅಲ್ಲಾಡಿಸಿದಳು. ಕೆನ್ನೆಗೆ ಗಾಳಿ ತಾಗುತ್ತಿತ್ತು, ಅಷ್ಟೇ.

"ಐದೂ ಹಸಿ," ಎಂದೆ.

ಅವಳ ಹೆಜ್ಜೆ ಸದ್ದು ನನ್ನ ಬಲಗಿವಿಯ ಕಡೆಗೆ ಬಂತು. ಲೊಟಲೊಟ. ಲೊಟಲೊಟ. ಮೂರನೆಯದು ಮೌನ.

"ಇದು ಕಳ್ಳ," ಎಂದೆ. ಉಳಿದೆರಡೂ ಲೊಟಲೊಟ ಅಂದವು.

"ಅಜ್ಜೀ, ಇನ್ಮೇಲೆ ನಾನು ಈ ಕಡೀಗೇ ಕೂತ್ಕತೀನಿ ಬುಡು," ಎಂದಳು. ಪ್ರತಿಯೊಂದು ಅಕ್ಷರವೂ ಕೇಳಿತು.

ಈಗ ಊಟಕ್ಕೂ ಅವಳು ನನ್ನ ಬಲಗಡೆಗೇ. ಭಾನುವಾರ ಬಂದರೆ ಐದು ಕಾಯಿ ಇಳಿಸುತ್ತಾಳೆ. ನಾನು ಕಣ್ಣು ಮುಚ್ಚಿ, ಉಸಿರು ಹಿಡಿದು ಕೂರುತ್ತೇನೆ. ಇಲ್ಲಿಯವರೆಗೆ ಕಳ್ಳ ತಪ್ಪಿಸಿಕೊಂಡಿಲ್ಲ.