ನಿಲ್ಲದ ತಾಳಕ್ಕೆ ಕತ್ತರಿ

ಗಂಟಲ ಆಪರೇಷನ್ ಆದ ಮೇಲೆ ನನ್ನ ಸೋದರತ್ತೆಗೆ ಉಳಿದದ್ದು ಪಿಸುದನಿ ಮಾತ್ರ. ಅದರಲ್ಲಿ ಬೈಯಬಹುದಿತ್ತು, ಹಾಡುವಂತಿರಲಿಲ್ಲ. ಚಿತ್ತವಾಡ್ಗಿಯ ಅವಳ ಪಡಸಾಲೆಯಲ್ಲಿ ಪ್ರತಿ ಏಕಾದಶಿಗೆ ಹೆಂಗಸರ ಭಜನೆ. ಮೊದಲ ಸೊಲ್ಲು ಎತ್ತುವವಳು ಅವಳೇ. ಈಗ ಎತ್ತುವವರಿಲ್ಲ. ಸಂಡೂರಿನ ಅದಿರು ಹೊರುವ ಲಾರಿಗಳಿಂದ ಹೊಸದಾಗಿ ಸ್ಥಿತಿವಂತರಾಗಿದ್ದ ಎದುರುಮನೆಯವರು ಮಹಡಿ ಕಟ್ಟಿಸಿ, ಮೈಕು ತಂದು, "ಇನ್ನ ಭಜನಿ ನಮ್ಮ ಮನ್ಯಾಗ ಇಟ್ಕೊಳ್ರಿ" ಎಂದು ಗುಂಪಿಗೆ ಹೇಳಿಕಳಿಸಿದರು. ಅತ್ತೆ ಊಟ ಬಿಟ್ಟಳು. ಅಂದು ಏಕಾದಶಿಯಾದ್ದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ.

ಮರುದಿನ ನನ್ನ ಮುಂದೆ ಒಂದು ಕ್ಯಾಸೆಟ್ ಇಟ್ಟಳು. ಹಿಂದೆ ಕಂಪ್ಲಿಯ ಬೀಗರ ಮನೆಯಲ್ಲಿ ಅವಳ ಭಜನೆಯನ್ನು ಯಾರೋ ಟೇಪಿಗೆ ಹಿಡಿದದ್ದು.

"ಇದನ್ನ ಸೀಡಿ ಮಾಡು. ಇದರಾಗ ನನ್ನ ದನಿ ಅದ. ಅದು ಸೊಲ್ಲೆತ್ತಲಿ, ಅವ್ರು ಹಾಡ್ಲಿ. ಒಂದ ಉದ್ದಕ ಬ್ಯಾಡ, ಹಾಡಿಗೊಂದು ನಂಬರ್ ಇರ್ಲಿ."

ಊರಿಗೆಲ್ಲ ದುಡ್ಡು ಬಂದ ಆ ಕಾಲದಲ್ಲಿ ನನ್ನ ಪಾಲಿಗೆ ಬಂದಿದ್ದು ಒಂದು ಕಂಪ್ಯೂಟರು ಮತ್ತು ಅದರ ಮೇಲೆ ದಿನವೂ ಕೂರುವ ಕೆಂಪು ಧೂಳು. ಎರಡನ್ನೂ ಒರೆಸಿ ಕುಳಿತೆ. ಆದರೆ ಭಜನೆಗೊಂದು ಕಟ್ಟಳೆ ಉಂಟು: ತಾಳ ಹಿಡಿದ ಮೇಲೆ ಮಂಗಳದವರೆಗೆ ನಿಲ್ಲಿಸುವಂತಿಲ್ಲ. ಗುಂಪು ಒಂದು ಹಾಡಿನ ಕೊನೆ ಎಳೆಯುತ್ತಿರುವಾಗಲೇ ಅತ್ತೆ ಮುಂದಿನದಕ್ಕೆ ಬಾಯಿ ಹಾಕುತ್ತಾಳೆ. ತೆರೆಯ ಮೇಲೆ ದನಿಯ ಗೆರೆ ಗುಡ್ಡದ ಸಾಲಿನಂತೆ ಹಬ್ಬಿತ್ತು. ಕತ್ತರಿ ಹಾಕಲು ಒಂದು ಕಣಿವೆಯೂ ಇಲ್ಲ. ಹೇಗೋ ಕತ್ತರಿಸಿ ಸೀಡಿ ಬರೆದು ಒಯ್ದೆ.

ಅತ್ತೆ ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದಳು. ಮೊದಲ ಹಾಡು ಮುಗಿದಲ್ಲಿ ಸದ್ದಡಗಿತು. ಅವಳ ಕೈ ನಡೆದೇ ಇತ್ತು. ಮತ್ತೆ ಬಂದ ಹಾಡು ಎರಡು ಪೆಟ್ಟುಗಳ ನಡುವೆ ಮುಗ್ಗರಿಸಿತು.

"ಯಾಕ ನಿಂತ್ತೋ ಅದು?"

"ಎರಡ ಸೆಕೆಂಡ್ ಅತ್ತಿ. ಸೀಡಿ ಬರಿಯೋ ಪ್ರೋಗ್ರಾಮು ತಾನ ಹಾಕ್ತದ."

"ಎರಡು ಸೆಕೆಂಡಿನಾಗ ಅವ್ರು ಎದುರುಮನಿಗೆ ಹೋಗಿ ಕುಂದರ್ತಾರ!"

ಆಮೇಲೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಆ ಮೌನವನ್ನು ಸೊನ್ನೆಗಿಳಿಸುವ ಜಾಗ ಪ್ರೋಗ್ರಾಮಿನೊಳಗೇ ಸಿಕ್ಕಿತು. ಆದರೆ ಕತ್ತರಿ ತಾಳದ ಪೆಟ್ಟಿಗಿಂತ ಕೂದಲೆಳೆ ಮುಂಚೆ ಬೀಳಬೇಕು. ತಡವಾದರೆ ಹೊಸ ಹಾಡಿಗೆ ಪೆಟ್ಟೇ ಇಲ್ಲ, ಬೇಗ ಬಿದ್ದರೆ ಅದಕ್ಕೆ ಹಳೆಯ ಹಾಡಿನ ಬಾಲ. ಕೆಟ್ಟ ಸೀಡಿಗಳನ್ನು ನನ್ನ ಹೆಂಡತಿ ಪಾರಿವಾಳ ಓಡಿಸಲು ಬಾಲ್ಕನಿಗೆ ಕಟ್ಟಿದಳು. ಪಾರಿವಾಳಗಳು ಅವುಗಳಲ್ಲಿ ಮುಖ ನೋಡಿಕೊಂಡವು.

ಏಕಾದಶಿ ಬಂತು. ಹೆಂಗಸರು ಬಂದರು, ಆದರೆ ಹೊಸ್ತಿಲ ಬಳಿಯೇ, ಎದ್ದು ಹೋಗಲು ಅನುಕೂಲವಾಗುವಂತೆ ಕುಳಿತರು. ಎದುರು ಮಹಡಿಯಲ್ಲಿ ಯಾರೋ ಮೈಕಿಗೆ "ಹಲೋ, ಹಲೋ" ಎನ್ನುತ್ತಿದ್ದರು. ಸೀಡಿ ಶುರುವಾಯಿತು. ಮೊದಲ ಹಾಡಿನಿಂದ ಎರಡನೆಯದಕ್ಕೆ ಎಣ್ಣೆ ಸುರಿದಂತೆ ಸಾಗಿತು. ಬೆಸುಗೆ ಎಲ್ಲಿದೆಯೆಂದು ಬಲ್ಲವನು ನಾನೊಬ್ಬನೇ. ಅದು ಬಂದಾಗ ಎದ್ದು ನಿಂತಿದ್ದವನೂ ನಾನೊಬ್ಬನೇ.

ಮೂರನೆಯ ಹಾಡಿನ ನಡುವೆ ಒಬ್ಬಾಕೆ ಎದುರುಮನೆಯತ್ತ ಕತ್ತು ಹೊರಳಿಸಿದಳು. ಅತ್ತೆ ಅದನ್ನು ನೋಡಿದಳು. ಮಡಿಲಲ್ಲಿದ್ದ ರಿಮೋಟು ಎತ್ತಿ ಬೇರೊಂದು ಹಾಡಿನ ನಂಬರ್ ಒತ್ತಿಯೇಬಿಟ್ಟಳು. ಪ್ಲೇಯರು ಗರಗರ ಎಂದು ಬಾಯಿ ಕಟ್ಟಿಕೊಂಡಿತು.

ಅತ್ತೆ ಕೈ ಮೇಲೆತ್ತಿ ಗಾಳಿಯಲ್ಲೇ ತಾಳ ಹಾಕತೊಡಗಿದಳು. ಕತ್ತು ಹೊರಳಿಸಿದಾಕೆಯೇ ಮೊದಲು ಚಪ್ಪಾಳೆಗೆ ಸೇರಿದಳು, ಬೆನ್ನಿಗೆ ಉಳಿದವರು. ಪೆಟ್ಟಿಗೆಯಿಂದ ಅತ್ತೆಯ ಹಳೆಯ ದನಿ ಬೇರೆ ಸೊಲ್ಲೆತ್ತಿತು.

"ಹೂಂ, ಹಾಡ್ರಿ!" ಎಂದಳು ಪಿಸುದನಿಯಲ್ಲಿ.

ಹಾಡಿದರು. ಮುಂದೆ ಆಕಳಿಸಿದವರಿಗೊಂದು ಹಾಡು, ಪಿಸುಮಾತಾಡಿದವರಿಗೊಂದು ಹಾಡು. ನಾನು ಬೆಸೆದ ಯಾವ ಎರಡು ಹಾಡುಗಳನ್ನೂ ಆಮೇಲೆ ಒಟ್ಟಿಗೆ ಹೋಗಲು ಅವಳು ಬಿಡಲೇ ಇಲ್ಲ. ಹೆಂಗಸರು ಅವಳ ಹೆಬ್ಬೆರಳಿನ ಮೇಲೆ ಕಣ್ಣಿಟ್ಟು ಮುಂದಕ್ಕೆ ಸರಿಯುತ್ತ ಬಂದರು.

ಮಂಗಳದ ಹೊತ್ತಿಗೆ ಒಬ್ಬಾಕೆ ಕೇಳಿದಳು: "ವೈನೀ, ಬರೋ ಏಕಾದಶಿಗೂ ಇಲ್ಲೇ ಏನ್ರಿ?"

"ಮಾತು ಆಮ್ಯಾಲ. ಮೊದ್ಲು ತಾಳ ಹಿಡೀರಿ," ಎಂದಳು ಅತ್ತೆ.