ತಪ್ಪು ಉತ್ತರ ಬರೆಯಲು ಕಲಿತ ತರಗತಿ

ನಾಲ್ಕನೇ ತರಗತಿಯ ಟೀಚರಿಗೆ ಶಾಲೆಯಲ್ಲಿ ಗುಡುಗಮ್ಮ ಎಂಬ ಅಡ್ಡಹೆಸರಿತ್ತು. ಅವರು ಮಗ್ಗಿ ಹೇಳಿಸಿದರೆ ಗೇಟಿನಾಚೆ ಬಸ್ಸಿಗೆ ಕಾಯುವವರಿಗೂ ಬಾಯಿಪಾಠವಾಗುತ್ತಿತ್ತು. ಹೆಸರಿನ ಬಗ್ಗೆ ಅವರಿಗೆ ಬೇಜಾರಿರಲಿಲ್ಲ. ಬೇಜಾರಿದ್ದದ್ದು ಪರೀಕ್ಷೆಯ ಬಗ್ಗೆ.

ವರ್ಷಕ್ಕೊಮ್ಮೆ ಊರಿನ ಪ್ರಾಥಮಿಕ ಶಾಲೆಗಳ ನಾಲ್ಕನೇ ತರಗತಿಗಳಿಗೆಲ್ಲ ಒಂದೇ ಪ್ರಶ್ನೆಪತ್ರಿಕೆಯ ಪರೀಕ್ಷೆ ನಡೆಯುತ್ತಿತ್ತು. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳು. ಸರಿಯಾದುದರ ಮುಂದಿನ ವೃತ್ತವನ್ನು ಪೆನ್ಸಿಲಿನಿಂದ ಕಪ್ಪಾಗಿಸಬೇಕು. ಫಲಿತಾಂಶ ಬಂದಾಗ ಇವರ ಶಾಲೆಯನ್ನು ಹುಡುಕಲು ಯಾರೂ ಕಷ್ಟಪಡಬೇಕಿರಲಿಲ್ಲ. ಕೊನೆಯಿಂದ ನೋಡಿಕೊಂಡು ಬಂದರಾಯಿತು.

ಟೀಚರೇನು ಮೈಗಳ್ಳಿಯಲ್ಲ. ದರ್ಜಿಯ ಮಗಳು. ಅಪ್ಪನ ಹೊಲಿಗೆ ಯಂತ್ರದ ಸದ್ದಿನ ಪಕ್ಕದಲ್ಲೇ ಕೂತು ಓದಿದವರು. ಗಂಟಲು ದೊಡ್ಡದಾದದ್ದೂ ಆ ಸದ್ದಿನ ಮೇಲೆ ಪಾಠ ಒಪ್ಪಿಸಿಯೇ. ಮದುವೆಯಾದ ಮೇಲೆ ಅತ್ತೆ, ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಹೋಗಿ ಟ್ರೈನಿಂಗ್ ಮುಗಿಸು ಎಂದು ಮನೆಯಿಂದ ಹೆಚ್ಚೂಕಡಿಮೆ ದಬ್ಬಿದ್ದರು. ಹಾಗೆ ಕಷ್ಟಪಟ್ಟು ಹಿಡಿದ ಕೆಲಸ. ಮಕ್ಕಳೂ ದಡ್ಡರಲ್ಲ, ಬಾಯಲ್ಲಿ ಕೇಳಿದರೆ ಪಟಪಟನೆ ಹೇಳುತ್ತಿದ್ದರು. ಅದೇ ಪ್ರಶ್ನೆ ಕಾಗದದ ಮೇಲೆ ನಾಲ್ಕು ಉತ್ತರಗಳ ಜೊತೆ ಬಂದರೆ ಮಾತ್ರ ತಬ್ಬಿಬ್ಬಾಗಿ ಕೈಗೆ ಸಿಕ್ಕ ವೃತ್ತ ತುಂಬಿಬಿಡುತ್ತಿದ್ದರು.

ಒಂದು ಮಧ್ಯಾಹ್ನ ಹಳೆಯ ಪ್ರಶ್ನೆಪತ್ರಿಕೆಯಲ್ಲಿ ಅಭ್ಯಾಸ ನಡೆದಿತ್ತು. ಕಂಡಕ್ಟರನ ಮಗಳು, ತರಗತಿಯ ಮಾತಿನಮಲ್ಲಿ, ಎದ್ದು ನಿಂತಳು.

"ಟೀಚರ್, ಸರಿ ಉತ್ತರ ಪುಸ್ತಕದಲ್ಲಿರುತ್ತೆ. ಈ ತಪ್ಪು ಉತ್ತರಗಳನ್ನ ಎಲ್ಲಿಂದ ತರ್ತಾರೆ?"

ಎಲ್ಲರೂ ಗೊಳ್ಳೆಂದು ನಕ್ಕರು. ಸುಮ್ಮನೆ ಕೂತುಕೋ ಎನ್ನಲು ಬಾಯಿ ತೆರೆದ ಟೀಚರ್ ಅಲ್ಲೇ ತಡೆದರು.

"ಯಾರೋ ಕೂತು ಬರೀತಾರೆ ಕಣೇ."

"ಬೇಕು ಅಂತಾನೇ?"

"ಬೇಕು ಅಂತಾನೇ. ನೀವು ಹಳ್ಳಕ್ಕೆ ಬೀಳ್ಲಿ ಅಂತ."

ತಮ್ಮನ್ನು ಬೀಳಿಸಲು ದೊಡ್ಡವರೊಬ್ಬರು ಮೇಜಿನ ಮುಂದೆ ಕೂತು ತಲೆ ಕೆಡಿಸಿಕೊಳ್ಳುತ್ತಾರೆ ಎಂಬುದು ಮಕ್ಕಳಿಗೆ ಹೊಸ ಸುದ್ದಿ. ಹಾಗಾದರೆ ನಾವೂ ಹಳ್ಳ ತೋಡಬಹುದಾ ಎಂದು ಯಾರೋ ಕೇಳಿದರು. ಟೀಚರ್ ಪ್ರಶ್ನೆಪತ್ರಿಕೆಗಳನ್ನು ಮಡಚಿಟ್ಟು, ತೋಡಿ ಎಂದರು.

ಮೊದಲ ಹಳ್ಳಗಳಲ್ಲಿ ಇರುವೆಯೂ ಬೀಳುತ್ತಿರಲಿಲ್ಲ. ಹನ್ನೆರಡನ್ನು ಮೂರರಿಂದ ಭಾಗಿಸಿದರೆ ಎಷ್ಟು ಎಂಬ ಪ್ರಶ್ನೆಗೆ ಒಬ್ಬ ಕೊಟ್ಟ ಉತ್ತರಗಳು: ನಾಲ್ಕು, ಒಂದು ಕೋಟಿ, ಆನೆ, ನಮ್ಮ ಟೀಚರ್. ಓದುವವರು ಎಲ್ಲಿ ಎಡವುತ್ತಾರೆಂದು ಮೊದಲು ಯೋಚಿಸಿ ಎಂದರು ಟೀಚರ್. ಆಗ ತರಗತಿಯಲ್ಲಿದ್ದ ಅವಳಿ ಅಕ್ಕತಂಗಿಯರಿಗೆ ಹೊಳೆಯಿತು. ಅವಸರದಲ್ಲಿ ಕೂಡಿದವರಿಗೆ ಹದಿನೈದು ಬರುತ್ತದೆ, ಕಳೆದವರಿಗೆ ಒಂಬತ್ತು, ಗುಣಿಸಿದವರಿಗೆ ಮೂವತ್ತಾರು. ಆ ಅವಳಿಗಳು ಇಂಥ ತಪ್ಪನ್ನೆಲ್ಲ ಒಂದೂ ಬಿಡದೆ ಮಾಡಿದ್ದರು. ಹಾಗಾಗಿ ಅವರಷ್ಟು ಚೆನ್ನಾಗಿ ಹಳ್ಳ ತೋಡುವವರು ಇನ್ನೊಬ್ಬರಿರಲಿಲ್ಲ. ಜನ್ಮದಲ್ಲಿ ಮೊದಲ ಸಲ ಇಡೀ ತರಗತಿ ಅವರ ಬೆಂಚಿಗೆ ಮುತ್ತಿಕೊಂಡಿತು.

ಅಂದಿನಿಂದ ಮಕ್ಕಳಿಗೆ ಅದೇ ಹುಚ್ಚು. ಬೆಲ್ ಹೊಡೆದರೂ ಏಳುತ್ತಿರಲಿಲ್ಲ. ಟೀಚರ್ ಒಂದು ಪ್ರಶ್ನೆಯನ್ನು ಮನೆಗೊಯ್ದು ಅತ್ತೆಗೆ ಓದಿ ಹೇಳಿದರು: ಡಜನ್ ಮೊಟ್ಟೆಗಳಲ್ಲಿ ಮೂರು ಬಿಟ್ಟು ಉಳಿದವೆಲ್ಲ ಒಡೆದವು, ಈಗ ಒಡೆಯದೆ ಇರುವುದೆಷ್ಟು? ಅತ್ತೆ ತರಕಾರಿ ಹೆಚ್ಚುತ್ತಲೇ ಒಂಬತ್ತು ಎಂದರು. ಆಮೇಲೆ ಕತ್ತಿ ಕೆಳಗಿಟ್ಟು, "ಅಯ್ಯೋ, ಪೂರ್ತಿ ಕೇಳಿಸ್ಕೊಳ್ಲೇ ಇಲ್ಲ ನಾನು," ಎಂದು ನಕ್ಕರು. ಟೀಚರಿಗೆ ಥಟ್ಟನೆ ಹೊಳೆಯಿತು. ಇದೇ ಅಲ್ಲವೇ ತನ್ನ ತರಗತಿಯ ಮಕ್ಕಳಿಗೂ ಆಗುತ್ತಿದ್ದದ್ದು!

ಪರೀಕ್ಷೆ ನಡೆಯಿತು. ಫಲಿತಾಂಶ ಬಂದ ದಿನ, ಎಂದೂ ದನಿಯೆತ್ತದ ಹೆಡ್‌ಮೇಡಂ ಚಪ್ಪಲಿಯನ್ನೂ ಮರೆತು ವರಾಂಡದಲ್ಲಿ ಓಡಿಬಂದರು. ಅವರ ಶಾಲೆ ಊರಿನ ಮುಂಚೂಣಿಯ ಶಾಲೆಗಳ ಸಾಲಿನಲ್ಲಿತ್ತು. ಟೀಚರ್ ಫಲಿತಾಂಶದ ಹಾಳೆಯನ್ನು ಎರಡೆರಡು ಸಲ ಓದಿದರು.

ವಾರ ಕಳೆಯುವುದರೊಳಗೆ ಮೇಲಿನ ಕಚೇರಿಯಿಂದ ಫೋನ್ ಬಂತು. ತಳದಲ್ಲಿದ್ದ ಶಾಲೆ ಒಮ್ಮೆಗೇ ಇಷ್ಟು ಮೇಲೇರಿದ್ದು ನಂಬುವಂತಿಲ್ಲ, ಅಧಿಕಾರಿಯೊಬ್ಬರು ಬೇರೆ ಪ್ರಶ್ನೆಪತ್ರಿಕೆ ತಂದು ತಾವೇ ಪರೀಕ್ಷೆ ಮಾಡುತ್ತಾರೆ ಎಂದರು. ಟೀಚರಿಗೆ ಸಿಟ್ಟು ಬಂತು. ತನ್ನನ್ನು ಬೇಕಾದರೆ ಅನುಮಾನಿಸಲಿ, ಮಕ್ಕಳನ್ನೇಕೆ? ಅಳುತ್ತಾರೇನೋ ಎಂದು ಹೆದರಿಕೊಂಡೇ ತರಗತಿಗೆ ವಿಷಯ ತಿಳಿಸಿದರು.

"ಹೊಸ ಹಳ್ಳಗಳಾ ಟೀಚರ್?" ಎಂದಳು ಮಾತಿನಮಲ್ಲಿ. ಬೆಂಚುಗಳೆಲ್ಲ ಕುಣಿದವು.

ಅಧಿಕಾರಿ ಬಂದರು. ಮಕ್ಕಳನ್ನು ದೂರದೂರ ಕೂರಿಸಿದರು. ಟೀಚರನ್ನು ಹೊರಗೆ ಕಳಿಸಿದರು. ಟೀಚರ್ ಕಿಟಕಿಯಾಚೆ ನಿಂತು ಸೆರಗಿನ ಅಂಚು ಹಿಂಡುತ್ತಿದ್ದರು. ಒಳಗೆ ಅವಳಿಗಳಲ್ಲಿ ಚಿಕ್ಕವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಅಧಿಕಾರಿ ಹತ್ತಿರ ಹೋಗಿ ಕಾರಣ ಕೇಳಿದರು.

"ಈ ಹಳ್ಳ ತುಂಬಾ ಚಿಕ್ಕದು ಸಾರ್," ಎಂದಳು ಅವಳು. "ಕೂಡೋರಿಗೆ ಮಾತ್ರ ತೋಡಿದಾರೆ. ಗುಣಿಸೋರಿಗೆ ಮರೆತೇಬಿಟ್ಟಿದಾರೆ."

ಅಧಿಕಾರಿ ಪ್ರಶ್ನೆಪತ್ರಿಕೆಯನ್ನು ಎತ್ತಿಕೊಂಡು ನೋಡಿದರು. ಆಮೇಲೆ ಅವಳನ್ನು ನೋಡಿದರು.

ಹೆಡ್‌ಮೇಡಂ ಕೋಣೆಯಲ್ಲೇ ಅವರು ಉತ್ತರಗಳನ್ನು ತಿದ್ದಿದರು. ಹೊರಬಂದಾಗ ಮುಖದ ಬಿಗಿ ಸಡಿಲಗೊಂಡಿತ್ತು. ಈ ಸಲ ಮಕ್ಕಳು ಹಿಂದಿನದಕ್ಕಿಂತಲೂ ಚೆನ್ನಾಗಿ ಮಾಡಿದ್ದರು.

"ಅನುಮಾನ ಪಟ್ಕೊಂಡೇ ಬಂದಿದ್ದೆ ಮೇಡಂ," ಎಂದರು ಟೀಚರಿಗೆ. "ಈಗ ನೀವು ಪಾಠ ಮಾಡೋದನ್ನ ನೋಡ್ಬೇಕು ಅನ್ನಿಸ್ತಿದೆ. ಕೂತ್ಕೊಳ್ಲಾ?"

ಟೀಚರ್ ಕಣ್ಣೊರೆಸಿಕೊಂಡು ಬಾಗಿಲು ತೆರೆದರು. ಅಧಿಕಾರಿ ಹಿಂದಿನ ಪುಟ್ಟ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತರು. ಮಕ್ಕಳು ಬಿಟ್ಟಾರೆಯೇ? ಅವರ ಕೈಗೂ ಸೀಮೆಸುಣ್ಣ ತುರುಕಿ ಹಲಗೆಯ ಮುಂದೆ ನಿಲ್ಲಿಸಿದರು. ಅವರು ಬಹಳ ಹೊತ್ತು ಯೋಚಿಸಿ ಒಂದು ಪ್ರಶ್ನೆ, ನಾಲ್ಕು ಉತ್ತರ ಬರೆದರು. ಕೊನೆಯ ಅಕ್ಷರ ಮುಗಿಯುವ ಮೊದಲೇ ಇಡೀ ತರಗತಿ ಕೈಯೆತ್ತಿತ್ತು.