ಝರೇಕ್ ಯಾವ ಪೈಕಿ?

ಬಾಂಬೆಯ ಬೊರಿವಲಿಯಲ್ಲಿದ್ದ ನಮ್ಮ ಹಳೆಯ ಬಿಲ್ಡಿಂಗನ್ನು ಕೆಡವುತ್ತಿದ್ದಾರೆ. ಇವತ್ತು ಆ ಕಡೆ ಹೋದಾಗ, ಎಲ್ಲ ಮನೆಗಳವರ ಹೆಸರುಗಳಿದ್ದ ಕಪ್ಪು ಬೋರ್ಡು ಧೂಳಿನಲ್ಲಿ ಒರಗಿ ನಿಂತಿತ್ತು. ಅಮ್ಮನ ಬೆರಳು ನೆನಪಾಯಿತು.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಶನಿವಾರ ವಿಸಿಆರ್ ಬಾಡಿಗೆಗೆ ತರುತ್ತಿದ್ದರು. ಅಕ್ಕಪಕ್ಕದವರು ಬೇಸತ್ತು ಎದ್ದುಹೋಗುತ್ತಿದ್ದ ವಿಚಿತ್ರ ಅಂತರಿಕ್ಷದ ಸಿನಿಮಾಗಳೆಂದರೆ ನನಗೆ ಪ್ರಾಣ. ಆ ಇಂಗ್ಲಿಷಿನಲ್ಲಿ ಯಾರ ಹೆಸರೂ ತಿಳಿಯುತ್ತಿರಲಿಲ್ಲ, ನಾನೇ ಇಡುತ್ತಿದ್ದೆ. ಬೆಳ್ಳಿಗಣ್ಣಿನ ಒಬ್ಬನಿಗೆ ಝರೇಕ್ ಎಂದು ಇಟ್ಟೆ.

ಒಂದು ಸಂಜೆ ಬಾಲ್ಕನಿಯಲ್ಲಿ ಕಥೆ ಕಟ್ಟುತ್ತಾ, “ಝರೇಕ್ ಬಂದ್ರೆ ನಾನೂ ಹೊರಟುಬಿಡ್ತೀನಿ” ಎಂದು ನನ್ನಷ್ಟಕ್ಕೆ ಹೇಳಿಕೊಂಡೆ. ಬಟ್ಟೆ ಒಣಹಾಕುತ್ತಿದ್ದ ಅಮ್ಮನ ಕೈ ನಿಂತಿತು.

“ಯಾರೇ ಅವನು?”

“ಸಿನಿಮಾದವನಮ್ಮ. ಬೇರೆ ಗ್ರಹದವನು.”

“ಸರ್‌ನೇಮ್ ಏನು?”

“ಇಲ್ಲ.”

“ಸರ್‌ನೇಮ್ ಇಲ್ಲದೋನು ಬಾಂಬೇಲಿ ಯಾರಿದಾನೆ?”

ಮದುವೆಯಾಗಿ ಮೈಸೂರಿನಿಂದ ಬಂದ ಅಮ್ಮ ಈ ಊರಲ್ಲಿ ಮೊದಲು ಕಲಿತದ್ದೇ ಅದು: ಸರ್‌ನೇಮ್ ಕೇಳಿದರೆ ಮನುಷ್ಯ ಯಾವ ಪೈಕಿ ಎಂದು ಗೊತ್ತಾಗುತ್ತದೆ. ಪಾರ್ಸಿಯೋ ಕ್ರಿಶ್ಚಿಯನ್ನೋ ಎಂದು ಅಪ್ಪನ ಹತ್ತಿರ ಪಿಸುಗುಟ್ಟಿದಳು. ಮರುದಿನ ನನ್ನನ್ನು ಕೆಳಗೆ ಕರೆದೊಯ್ದು, ಬೋರ್ಡಿನ ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ನನ್ನ ಮುಖ ನೋಡಿದಳು. ಆಮೇಲೆ ಪಕ್ಕದ ಬಿಲ್ಡಿಂಗಿನ ಬೋರ್ಡು.

ಅಂದಿನಿಂದ ನಾನು ಬರೆಯುವ ಕಥೆಗಳಿಗೆ ಯಾವ ಬೋರ್ಡಿಗೂ ಸಲ್ಲದ ಹೆಸರುಗಳನ್ನೇ ಕಟ್ಟುತ್ತಾ ಬಂದಿದ್ದೇನೆ.

ಇವತ್ತು ಮನೆಗೆ ಬಂದರೆ, ಅಮ್ಮ ನನ್ನ ಹೊಸ ಕಾದಂಬರಿ ಓದುತ್ತಾ ಕೂತಿದ್ದಳು. ಒಂದು ಹೆಸರಿನ ಮೇಲೆ ಬೆರಳಿಟ್ಟು, ಕನ್ನಡಕದ ಮೇಲಿಂದ ನನ್ನ ಮುಖ ನೋಡಿದಳು.

“ಈ ಝರೇಕ್ ಆವತ್ತಿನವನೇ ಅಲ್ವೇನೇ?”

“ಹೌದಮ್ಮ.”

“ನಂಗೆ ಆಗಲೇ ಗೊತ್ತಿತ್ತು. ಈಗಲಾದ್ರೂ ಹೇಳು, ಯಾವ ಪೈಕಿ?”